ಜರ್ಮನ್ ಅಜ್ಜಿಗೆ ಮೈಸೂರು ಪಾಕ್ ಡಬ್ಬಿ ಮೇಲೆ 'ಗಿಫ್ಟ್' ಅಂತ ಅಂಟಿಸಿ ಕೊಟ್ಟೆ. ಈ ಪದದ ಕಥೆ ಏನು?

ನಾಲ್ಕನೇ ಮಹಡಿ:
ನಾವು ಸ್ಟುಟ್‌ಗಾರ್ಟ್‌ಗೆ ಬಂದು ಎಂಟು ತಿಂಗಳಾಯಿತು. ದೀಪಾವಳಿಗೆ ಮೈಸೂರು ಪಾಕ್ ಮಾಡಿದ್ದೆ. ಅಪರೂಪಕ್ಕೆ ಕಲ್ಲಾಗದೆ ಹದವಾಗಿ ಬಂದಿತ್ತು. ಕೆಳಗಿನ ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಎಪ್ಪತ್ತೈದು ದಾಟಿರಬಹುದು. ನಾವು ಮನೆಯಲ್ಲಿ ಇಲ್ಲದಾಗ ನಮ್ಮ ಪಾರ್ಸೆಲ್‌ಗಳನ್ನೆಲ್ಲ ತೆಗೆದಿಟ್ಟುಕೊಳ್ಳುವುದು ಅವರೇ. ಅವರಿಗೂ ಒಂದು ಡಬ್ಬಿ ಕೊಡೋಣ ಅನ್ನಿಸಿತು. ಚಿಕ್ಕಪೇಟೆಯಲ್ಲಿ ತೆಗೆದುಕೊಂಡಿದ್ದ ಸ್ಟಿಕರ್ ಹಾಳೆ ಇತ್ತು. ಕೆಂಪು ರಿಬ್ಬನ್ ಚಿತ್ರ, ಮಧ್ಯೆ ಬಂಗಾರದ ಬಣ್ಣದಲ್ಲಿ ದಪ್ಪಗೆ 'ಗಿಫ್ಟ್'. ಒಂದನ್ನು ಮುಚ್ಚಳದ ಮೇಲೆ ಅಂಟಿಸಿದೆ. ಅವರು ಮನೆಯಲ್ಲಿ ಇರಲಿಲ್ಲ. ಬಾಗಿಲ ಮುಂದೆ ಕಾಲೊರೆಸುವ ಮ್ಯಾಟ್ ಮೇಲೆ ಇಟ್ಟು ಬಂದೆ. ಹೆಸರು ಬರೆಯೋದು ಮರೆತೆ.

ಸಂಜೆ ನೋಡಿದರೆ ಡಬ್ಬಿ ಮೆಟ್ಟಿಲ ಕೆಳಗೆ, ಕಸದ ಡಬ್ಬಗಳ ಪಕ್ಕ ಇದೆ. ಮೇಲೊಂದು ಹಳದಿ ಚೀಟಿ. "ಇದು ಯಾರದು? ಮಕ್ಕಳು ಓಡಾಡುವ ಜಾಗ. ದಯವಿಟ್ಟು ತಕ್ಷಣ ತೆಗೆಯಿರಿ." ಗಂಡ ಬಂದು ಓದಿ ಅರ್ಧ ಗಂಟೆ ನಕ್ಕರು. ಜರ್ಮನ್‌ನಲ್ಲಿ ಗಿಫ್ಟ್ ಅಂದರೆ ವಿಷ!

ನಾಳೆ ಹೋಗಿ ಸಾರಿ ಕೇಳುತ್ತೇನೆ, ಅದು ಬೇರೆ ಮಾತು. ನನ್ನ ಪ್ರಶ್ನೆ ಇದು: ಇಂಗ್ಲಿಷೂ ಜರ್ಮನ್ನೂ ಅಕ್ಕತಂಗಿ ಭಾಷೆ ಅಂತಾರೆ. ಅಕ್ಷರ ಕೂಡ ಅದೇ. ಒಂದು ಮನೆಯಲ್ಲಿ ಉಡುಗೊರೆ, ಇನ್ನೊಂದು ಮನೆಯಲ್ಲಿ ವಿಷ ಆಗಿದ್ದು ಹೇಗೆ? ಇವೆರಡು ಬೇರೆ ಬೇರೆ ಪದಗಳಾ?

ಬಿಸಿಬೇಳೆ:
ನೀವು ಮಾಡಿದ ಮೈಸೂರು ಪಾಕ್ ನೋಡದೆ ಅಜ್ಜಿ ಸರಿಯೋ ನೀವು ಸರಿಯೋ ಹೇಳುವುದು ಕಷ್ಟ.

ಹಿಮದೂರಿನವಳು:
ಅಯ್ಯೋ, ಸ್ವೀಡನ್ನಿಗೆ ಬನ್ನಿ, ಇನ್ನೂ ಮಜಾ ಇದೆ. ಇಲ್ಲಿ ಅದೇ ಪದಕ್ಕೆ ವಿಷ ಅಂತಲೂ ಅರ್ಥ, ಮದುವೆಯಾದವರು ಅಂತಲೂ ಅರ್ಥ. ಬಂದ ಹೊಸದರಲ್ಲಿ ಒಂದು ಫಾರ್ಮ್ ತುಂಬಬೇಕಿತ್ತು. ಎರಡು ಚೌಕ. ಒಂದರ ಮುಂದೆ 'ಗಿಫ್ಟ್', ಇನ್ನೊಂದರ ಮುಂದೆ 'ಒಗಿಫ್ಟ್'. ನಾನು ಮದುವೆ ಉಡುಗೊರೆಗೆ ತೆರಿಗೆ ಕೇಳುತ್ತಿದ್ದಾರೇನೋ ಅಂದುಕೊಂಡು ಎರಡನ್ನೂ ಖಾಲಿ ಬಿಟ್ಟೆ. ಕೌಂಟರಿನ ಹುಡುಗಿ ನನ್ನ ಕರಿಮಣಿ ನೋಡಿ, ಪಕ್ಕದಲ್ಲಿ ನಿಂತಿದ್ದ ಗಂಡನನ್ನು ನೋಡಿ, ಅವಳೇ ಟಿಕ್ ಹಾಕಿದಳು. ಮನೆಗೆ ಬಂದು ಸಿಂಕ್ ತೊಳೆಯುವ ಬಾಟಲಿ ನೋಡಿದರೆ ಅದರ ಮೇಲೆ 'ಗಿಫ್ಟಿಗ್', ಅಂದರೆ ವಿಷಕಾರಿ. ಪಕ್ಕದಲ್ಲಿ ತಲೆಬುರುಡೆ ಚಿತ್ರ.

ಅಂದಹಾಗೆ ಇಲ್ಲಿ ಬರೆಯೋದು ಗಿಫ್ಟ್, ಹೇಳೋದು 'ಯಿಫ್ಟ್'. ಇ, ಎ ಮುಂತಾದ ಸ್ವರದ ಮುಂದೆ ಗ ಬಂದರೆ ಇವರ ಬಾಯಲ್ಲಿ ಯ ಆಗುತ್ತದೆ.

ಬಿಸಿಬೇಳೆ:
ಮದುವೆ, ವಿಷ. ಒಂದೇ ಪದ. ಸ್ವೀಡನ್ನಿನವರು ಪ್ರಾಮಾಣಿಕರು.

ಹಿಮದೂರಿನವಳು:
@ಬಿಸಿಬೇಳೆ ಈ ಜೋಕು ಇಲ್ಲಿ ಪ್ರತಿ ಮದುವೆ ಊಟದಲ್ಲೂ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ನಾರ್ವೆ, ಡೆನ್ಮಾರ್ಕ್‌ನಲ್ಲೂ ಇದೇ ಪದ, ಇದೇ ಜೋಕು. ಹೊಸದು ತನ್ನಿ.

ಪದದ ಬೆನ್ನು:
ಮೂಲ ಪ್ರಶ್ನೆಗೆ ಬರೋಣ. ಬೇರೆ ಪದಗಳಲ್ಲ, ಒಂದೇ ಪದ. ಜರ್ಮನ್‌ನಲ್ಲಿ 'ಗೇಬೆನ್' ಅಂದರೆ ಕೊಡು. ಇಂಗ್ಲಿಷಿನ 'ಗಿವ್' ಅದರ ತಂಗಿ. ಅದರಿಂದ ಹುಟ್ಟಿದ ನಾಮಪದ 'ಗಿಫ್ಟ್'. ಮೂಲದಲ್ಲಿ ಅರ್ಥ ಇಷ್ಟೇ: ಕೊಡುವುದು, ಕೊಟ್ಟದ್ದು. ಏನು ಕೊಟ್ಟದ್ದು ಅನ್ನೋದು ಪದದಲ್ಲಿ ಇಲ್ಲ. ಅದನ್ನು ಒಂದೊಂದು ಊರಿನವರು ಒಂದೊಂದು ರೀತಿ ತುಂಬಿಕೊಂಡರು. ಇಂಗ್ಲಿಷರು 'ಪ್ರೀತಿಯಿಂದ ಕೊಟ್ಟದ್ದು' ಅಂದರು. ಸ್ಕ್ಯಾಂಡಿನೇವಿಯಾದವರು 'ಮದುವೆ ಮಾಡಿ ಕೊಟ್ಟದ್ದು' ಅಂದರು. ಜರ್ಮನ್ನರು 'ಗೊತ್ತಾಗದ ಹಾಗೆ ಲೋಟದಲ್ಲಿ ಕೊಟ್ಟದ್ದು' ಅಂದರು.

ಜರ್ಮನ್‌ನಲ್ಲೂ ಹಳೇ ಅರ್ಥ ಪೂರ್ತಿ ಸತ್ತಿಲ್ಲ. 'ಮಿಟ್‌ಗಿಫ್ಟ್' ಅಂತ ಪದ ಇದೆ. 'ಮಿಟ್' ಅಂದರೆ ಜೊತೆಗೆ. ಹೆಣ್ಣಿನ ಜೊತೆ ಕೊಟ್ಟು ಕಳಿಸಿದ್ದು, ಅಂದರೆ ನಮ್ಮ ಬಳುವಳಿ. ಅದು ಇವತ್ತಿಗೂ ಸ್ತ್ರೀಲಿಂಗ, 'ಡೀ ಮಿಟ್‌ಗಿಫ್ಟ್'. ವಿಷ ಮಾತ್ರ ನಪುಂಸಕಲಿಂಗ, 'ಡಾಸ್ ಗಿಫ್ಟ್'. ಮೊದಲು ಎರಡೂ ಸ್ತ್ರೀಲಿಂಗವೇ ಆಗಿದ್ದವು.

ನಿವೃತ್ತ ಮೇಷ್ಟ್ರು:
ಬಳುವಳಿ ಬೇರೆ, ವರದಕ್ಷಿಣೆ ಬೇರೆ. ತವರಿನವರು ಮನಸ್ಸಿನಿಂದ ಹಸು, ಪಾತ್ರೆ, ಬಂಗಾರ ಕೊಟ್ಟು ಕಳಿಸಿದರೆ ಬಳುವಳಿ. ಗಂಡಿನ ಕಡೆಯವರು ಪಟ್ಟಿ ಕೊಟ್ಟು ಕೇಳಿದರೆ ವರದಕ್ಷಿಣೆ, 1961ರ ಕಾಯ್ದೆ ಪ್ರಕಾರ ಅಪರಾಧ. ಎರಡನೆಯದಕ್ಕೆ ಜರ್ಮನ್ನರ ಪದವನ್ನು ಅವರ ಈಗಿನ ಅರ್ಥದಲ್ಲೇ ಬಳಸಬಹುದು.

ಅಡಿಕೆ ಸಿಪ್ಪೆ:
ಸ್ವೀಡನ್ನಿನ ಮದುವೆ ಅರ್ಥಕ್ಕೆ ಇಷ್ಟು ಆಶ್ಚರ್ಯ ಯಾಕೆ? ನಾವೂ ಹಾಗೇ ಅಲ್ವಾ ಹೇಳೋದು. "ದೊಡ್ಡ ಮಗಳನ್ನ ಸಾಗರಕ್ಕೆ ಕೊಟ್ಟಿದ್ದೇವೆ, ಚಿಕ್ಕವಳನ್ನ ಇನ್ನೂ ಕೊಟ್ಟಿಲ್ಲ." ನಮ್ಮಮ್ಮ ಯಾರ ಮನೆ ಹುಡುಗಿ ಬಗ್ಗೆ ಕೇಳಿದರೂ "ಅವಳನ್ನ ಎಲ್ಲಿಗೆ ಕೊಟ್ಟರು?" ಅಂತಲೇ ಕೇಳೋದು. ಮದುವೆ ಅನ್ನೋ ಪದವೇ ಬರೋದಿಲ್ಲ. ಫಾರ್ಮಿನಲ್ಲಿ 'ಕೊಟ್ಟಿದೆ', 'ಕೊಟ್ಟಿಲ್ಲ' ಅಂತ ಎರಡು ಚೌಕ ಇಟ್ಟರೆ ನಮ್ಮ ತೀರ್ಥಹಳ್ಳಿ ಕಡೆ ಯಾರಿಗೂ ಗೊಂದಲ ಆಗಲಿಕ್ಕಿಲ್ಲ.

ಹಿಮದೂರಿನವಳು:
@ಅಡಿಕೆ ಸಿಪ್ಪೆ ಸರಿಯಾಗಿ ಹಿಡಿದಿರಿ. ಇಲ್ಲಿನ ಹಳೇ ಕಾನೂನಿನಲ್ಲಿ 'ಗಿಫ್ಟೋಮನ್' ಅಂತ ಒಬ್ಬ ಇದ್ದ. ಹೆಣ್ಣನ್ನು ಕೊಡುವ ಹಕ್ಕಿರುವ ಗಂಡಸು, ಸಾಮಾನ್ಯವಾಗಿ ಅಪ್ಪ. 1734ರ ಸ್ವೀಡಿಷ್ ಕಾನೂನು ಸಂಹಿತೆಯ ಮೊದಲ ಭಾಗವೇ ಮದುವೆಯದ್ದು, ಅದರ ಹೆಸರಲ್ಲೂ ಇದೇ ಪದ. ಈಗ ಮಾತ್ರ ಗಂಡಸೂ ಗಿಫ್ಟ್, ಹೆಂಗಸೂ ಗಿಫ್ಟ್. ಕೊಡುವವರು ಯಾರೂ ಇಲ್ಲ, ಅವರೇ ಕೊಟ್ಟುಕೊಳ್ಳುತ್ತಾರೆ.

ಪದದ ಬೆನ್ನು:
ಐಸ್‌ಲ್ಯಾಂಡಿನಲ್ಲಿ ಹಳೇ ವ್ಯತ್ಯಾಸ ಇನ್ನೂ ಕಾಣುತ್ತದೆ. ಹೆಂಗಸಿಗೆ 'ಗಿಫ್ಟ್', ಅಂದರೆ ಕೊಡಲ್ಪಟ್ಟವಳು. ಗಂಡಸಿಗೆ 'ಕ್ವೈಂತುರ್' ಅನ್ನುವುದು ಹಳೇ ರೂಢಿ. ಅದರೊಳಗೆ ಇರುವುದು ಹೆಂಡತಿ ಅನ್ನುವ ಪದ, ಇಂಗ್ಲಿಷಿನ 'ಕ್ವೀನ್' ಅದರ ಬಂಧು. ಹೆಂಡತಿಯನ್ನು ತಂದುಕೊಂಡವನು ಅಂತ. ನಮ್ಮಲ್ಲೂ ಅದೇ: ಅವರ ಮನೆಯಿಂದ ಹೆಣ್ಣು ತಂದೆವು, ಇವರ ಮನೆಗೆ ಹೆಣ್ಣು ಕೊಟ್ಟೆವು.

ಇನ್ನೂ ಹಿಂದೆ ಹೋಗಿ. 4ನೇ ಶತಮಾನದಲ್ಲಿ ವುಲ್ಫಿಲಾ ಅನ್ನುವ ಬಿಷಪ್ ಗಾಥಿಕ್ ಭಾಷೆಗೆ (ಜರ್ಮನ್, ಇಂಗ್ಲಿಷಿನ ಹಳೇ ನೆಂಟ, ಈಗ ಸತ್ತ ಭಾಷೆ) ಬೈಬಲ್ ಅನುವಾದ ಮಾಡಿದ. ಮೇರಿಗೆ ಜೋಸೆಫನ ಜೊತೆ ನಿಶ್ಚಯ ಆಗಿತ್ತು ಅನ್ನುವ ಸಾಲಿದೆಯಲ್ಲ, ಅಲ್ಲಿ ನಿಶ್ಚಿತಾರ್ಥಕ್ಕೆ ಬಳಸಿದ ಪದ 'ಫ್ರಾಗಿಫ್ಟ್ಸ್'. ಒಳಗೆ ಗಿಫ್ಟ್ ಕೂತಿದೆ ನೋಡಿ. ಆ ಅನುವಾದದ ಹೆಸರಾಂತ ಹಸ್ತಪ್ರತಿ ಉಪ್ಸಾಲಾದ ಗ್ರಂಥಾಲಯದಲ್ಲಿದೆ. ನೇರಳೆ ಚರ್ಮದ ಹಾಳೆ ಮೇಲೆ ಬೆಳ್ಳಿ ಅಕ್ಷರ.

ಸಂಸ್ಕೃತಮೂಲ:
ಎಲ್ಲವೂ ಸಂಸ್ಕೃತದಿಂದಲೇ ಬಂದದ್ದು. ಗಿಫ್ಟ್ ಅಂದರೆ 'ಗುಪ್ತ'. ಗುಪ್ತವಾಗಿ ಕೊಡುವುದೇ ವಿಷ. ಕಾಗದ ಸುತ್ತಿ ಗುಪ್ತವಾಗಿ ಕೊಡುವುದೇ ಉಡುಗೊರೆ. ಇಷ್ಟು ಸರಳ.

ಪದದ ಬೆನ್ನು:
@ಸಂಸ್ಕೃತಮೂಲ ಕೇಳಲಿಕ್ಕೆ ಚೆನ್ನಾಗಿದೆ, ಆದರೆ ಸುಳ್ಳು. ಗುಪ್ತದ ಧಾತು 'ಗುಪ್', ಕಾಪಾಡು ಅಂತ. ಗಿಫ್ಟ್ ಬಂದಿದ್ದು ಗೇಬೆನ್‌ನಿಂದ. ಎರಡು ಪದ ಕಿವಿಗೆ ಒಂದೇ ಥರ ಕೇಳಿಸಿದ ಮಾತ್ರಕ್ಕೆ ನೆಂಟರಾಗುವುದಿಲ್ಲ. ಲ್ಯಾಟಿನ್‌ನ 'ಹಬೇರೆ' ಅಂದರೆ ಇದೆ, ಹೊಂದಿರು. ಜರ್ಮನ್‌ನ 'ಹಾಬೆನ್' ಅಂದರೂ ಅದೇ. ನೋಡಿದವರೆಲ್ಲ ಒಂದೇ ಅಂತಾರೆ. ಆದರೆ ಹಾಬೆನ್‌ನ ನಿಜವಾದ ನೆಂಟ ಲ್ಯಾಟಿನ್‌ನ 'ಕಪೇರೆ', ಹಿಡಿ ಅನ್ನುವ ಪದ. ಲ್ಯಾಟಿನ್‌ನ ಕ ಇರುವ ಕಡೆ ಜರ್ಮಾನಿಕ್‌ನಲ್ಲಿ, ಅಂದರೆ ಜರ್ಮನ್, ಇಂಗ್ಲಿಷ್, ಸ್ವೀಡಿಷ್ ಇರುವ ಭಾಷಾ ಕುಟುಂಬದಲ್ಲಿ, ಹ ಬರುವುದು ನಿಯಮ.

ಸಂಸ್ಕೃತಮೂಲ:
ನಿಯಮ ಮಾಡಿದವರು ಯಾರು? ಅದೇ ಜರ್ಮನ್ನರು.

ಪದದ ಬೆನ್ನು:
ಹೌದು, ಅವರೇ. ಸಂಸ್ಕೃತ ಕಲಿತ ಮೇಲೆ ಮಾಡಿದರು. ನಿಮಗೆ ಸಂಸ್ಕೃತದ ನೆಂಟಸ್ತಿಕೆಯೇ ಬೇಕು ಅಂದರೆ ಸ್ವಲ್ಪ ತಾಳಿ, ಈ ಕಥೆಯಲ್ಲಿ ಅದೂ ಬರುತ್ತದೆ.

ಔಷಧದಂಗಡಿ:
ನಾನು ಹೇಳಲಾ? ಡೋಸ್! ನಮ್ಮ ಅಂಗಡಿಯಲ್ಲಿ ದಿನಕ್ಕೆ ಇನ್ನೂರು ಸಲ ಹೇಳುವ ಪದ. ಓದುವಾಗ ಮೇಷ್ಟ್ರು ಹೇಳಿದ್ದರು, ಗ್ರೀಕ್‌ನಲ್ಲಿ 'ಡೋಸಿಸ್' ಅಂದರೆ ಕೊಡುವುದು ಅಂತ.

ಪದದ ಬೆನ್ನು:
@ಔಷಧದಂಗಡಿ ಅದೇ! ವೈದ್ಯರು ಒಂದು ಸಲಕ್ಕೆ ಕೊಡುವ ಪ್ರಮಾಣಕ್ಕೆ ಗ್ರೀಕರು ಡೋಸಿಸ್ ಅಂದರು. ಅದು ಲ್ಯಾಟಿನ್ನಿಗೂ ಹೋಯಿತು. ಮದ್ದಿನ ಪುಸ್ತಕ ಓದುತ್ತಿದ್ದ ಜರ್ಮನ್ನರು ಅದನ್ನು ತಮ್ಮ ಭಾಷೆಗೆ ಹಾಗೇ ಇಳಿಸಿಕೊಂಡರು: ಕೊಡುವುದು, ಅಂದರೆ ಗಿಫ್ಟ್. ಮೊದಲು ಮದ್ದಿನ ಒಂದು ಪಾಲು. ಆಮೇಲೆ ಕೆಟ್ಟ ಮದ್ದಿನ ಒಂದು ಪಾಲು. ಹಳೆಯ ಜರ್ಮನ್‌ನಲ್ಲಿ ಉಡುಗೊರೆ, ವಿಷ ಎರಡೂ ಅರ್ಥ ಒಟ್ಟಿಗೇ ನಡೆದವು, ಕೊನೆಗೆ ವಿಷ ಗೆದ್ದಿತು.

ಸಂಸ್ಕೃತಮೂಲ ಅವರಿಗೆ ಈಗ ಸಿಹಿ ಸುದ್ದಿ. ಗ್ರೀಕ್ 'ದಿದೋಮಿ', ಸಂಸ್ಕೃತ 'ದದಾಮಿ'. ಒಂದೇ ಧಾತು. ಅಂದರೆ ಇಂಗ್ಲಿಷಿನ ಡೋಸ್, ನಮ್ಮ ದಾನ, ಎರಡೂ ಒಂದೇ ಹೊಟ್ಟೆಯ ಮಕ್ಕಳು. ಡೊನೇಷನ್ ಸರಿ, ಡೌರಿ ಕೂಡ ಅದೇ ಮನೆಯದು.

ಬಿಸಿಬೇಳೆ:
ಹಾಗಾದರೆ ದೋಸೆ?

ಪದದ ಬೆನ್ನು:
ಇಲ್ಲ.

ಬಿಸಿಬೇಳೆ:
ಕೊಡುವುದೇ ಅಲ್ವಾ ಅದೂ. ಒಂದು ಪ್ಲೇಟು, ಒಂದು ಡೋಸು.

ನಿವೃತ್ತ ಮೇಷ್ಟ್ರು:
ಔಷಧದಂಗಡಿಯವರು ಡೋಸ್ ಎತ್ತಿದ್ದರಿಂದ ಒಂದು ಮಾತು. ಪ್ಯಾರಾಸೆಲ್ಸಸ್ ಅಂತ 16ನೇ ಶತಮಾನದ ವೈದ್ಯ. ಎಲ್ಲವೂ ವಿಷವೇ, ಪ್ರಮಾಣ ಮಾತ್ರ ಒಂದು ವಸ್ತುವನ್ನು ವಿಷ ಆಗದಂತೆ ಮಾಡುತ್ತದೆ ಅಂತ 1538ರಲ್ಲಿ ಬರೆದ. ಬರೆದದ್ದು ಲ್ಯಾಟಿನ್‌ನಲ್ಲಲ್ಲ, ಜರ್ಮನ್‌ನಲ್ಲಿ. ಆ ಒಂದೇ ವಾಕ್ಯದಲ್ಲಿ ಗಿಫ್ಟ್ ಅನ್ನುವ ಪದವೂ ಇದೆ, ಡೋಸಿಸ್ ಅನ್ನುವ ಪದವೂ ಇದೆ. ಮೂಲದಲ್ಲಿ ಎರಡಕ್ಕೂ ಅರ್ಥ 'ಕೊಡುವುದು' ಅಂತಲೇ!

ಔಷಧದಂಗಡಿ:
ಮೇಷ್ಟ್ರೇ, ಇದನ್ನ ಅಂಗಡಿ ಗೋಡೆಗೆ ಬರೆಸುತ್ತೇನೆ. ಮೂರು ದಿನದ ಮಾತ್ರೆ ಒಂದೇ ದಿನ ನುಂಗುವವರು ಓದಲಿ.

ಡಚ್ಚರ ಮನೆ ಬಾಡಿಗೆ:
ಐಂಡ್‌ಹೋವನ್‌ನಿಂದ ಒಂದು ಸೇರಿಸುತ್ತೇನೆ. ಡಚ್ಚರು ಜಾಣರು, ಜಗಳ ಬಿಡಿಸಿಕೊಂಡಿದ್ದಾರೆ. ಬಾಲದ ಟ ಉಳಿಸಿಕೊಂಡ 'ಗಿಫ್ಟ್' ಅಂದರೆ ದೇಣಿಗೆ. ಟ ಬಿಟ್ಟ 'ಗಿಫ್' ಅಂದರೆ ವಿಷ. ತೆರಿಗೆ ಫಾರ್ಮಿನಲ್ಲಿ ಎಷ್ಟು ಗಿಫ್ಟ್ ಕೊಟ್ಟಿರಿ ಅಂತ ಕೇಳುತ್ತಾರೆ. ಮೊದಲ ವರ್ಷ ಸುಮ್ನೆ ಗಾಬರಿ ಬಿದ್ದಿದ್ದೆ. ಗ ಅಕ್ಷರವನ್ನು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದವರ ಹಾಗೆ ಹೇಳಬೇಕು. ನನ್ನ ಮಗಳು ಹೇಳುತ್ತಾಳೆ, ನನಗೆ ಬರುವುದಿಲ್ಲ.

ಹಿಮದೂರಿನವಳು:
ನನಗೊಂದು ಅನುಮಾನ. ಸ್ವೀಡನ್ನಿನಲ್ಲಿ ಎರಡೂ ಅರ್ಥ ಒಟ್ಟಿಗೆ ಇರುವುದು ಹೇಗೆ? ಕೊಟ್ಟ ಹೆಣ್ಣು ಅನ್ನುವುದರಿಂದ ವಿಷಕ್ಕೆ ನೇರ ದಾರಿ ಇಲ್ಲವಲ್ಲ. (ಬಿಸಿಬೇಳೆ ಸುಮ್ಮನಿರಿ.)

ಪದದ ಬೆನ್ನು:
ಒಳ್ಳೆಯ ಪ್ರಶ್ನೆ. ಎರಡು ಬೇರೆ ದಾರಿಯಲ್ಲಿ ಬಂದವು. ಮದುವೆಯ ಅರ್ಥ ಅಲ್ಲಿನದ್ದೇ, ಹಳೇ ನಾರ್ಸ್ (ವೈಕಿಂಗರು ಆಡುತ್ತಿದ್ದ ಸ್ಕ್ಯಾಂಡಿನೇವಿಯಾದ ಭಾಷೆ) ಕಾಲದ್ದು. ವಿಷದ ಅರ್ಥ ಆಮದು. ಮಧ್ಯಯುಗದಲ್ಲಿ ಬಾಲ್ಟಿಕ್ ಸಮುದ್ರದ ವ್ಯಾಪಾರವೆಲ್ಲ ಲ್ಯೂಬೆಕ್ ಮುಂತಾದ ಹಾನ್ಸಾ ಕೂಟದ ಊರುಗಳ ಕೈಯಲ್ಲಿತ್ತು. ಅವರು ಆಡುತ್ತಿದ್ದದ್ದು ಉತ್ತರ ಜರ್ಮನಿಯ ಭಾಷೆ. ಉಪ್ಪು, ಬಟ್ಟೆ, ಬಿಯರ್ ಜೊತೆ ಪದಗಳನ್ನೂ ಹಡಗಿನಲ್ಲಿ ತಂದು ಇಳಿಸಿದರು. ಆ ರಾಶಿಯಲ್ಲಿ ಈ ವಿಷವೂ ಇತ್ತು. ಅಷ್ಟು ಹೊತ್ತಿಗೆ ಮನೆಯಲ್ಲಿ ಅದೇ ಮುಖದ ಒಂದು ಪದ ಸಂಸಾರ ಮಾಡಿಕೊಂಡಿತ್ತು.

ಇದಕ್ಕೆ ಸಾಕ್ಷಿ ಐಸ್‌ಲ್ಯಾಂಡ್. ಅಷ್ಟು ದೂರಕ್ಕೆ ಜರ್ಮನ್ ಪ್ರಭಾವ ಕಡಿಮೆ. ಅಲ್ಲಿ ಇವತ್ತಿಗೂ ವಿಷಕ್ಕೆ ಹಳೇ ಪದವೇ, 'ಏಯ್ತುರ್'. ಇನ್ನೊಂದು ಚಂದ: ಅಲ್ಲಿ 'ಗಿಫ್ತಾ' ಅಂದರೆ ಅದೃಷ್ಟ ಅಂತಲೂ ಇದೆ. ದೇವರು ಕೊಟ್ಟದ್ದು ಅನ್ನೋ ಲೆಕ್ಕ.

ನಂಜನಗೂಡು ಲೋಕಲ್:
ಆ ಏಯ್ತುರ್ ಬೇರೆ ಎಲ್ಲೂ ಉಳಿದಿಲ್ಲವಾ?

ಪದದ ಬೆನ್ನು:
ಉಳಿದಿದೆ, ವೇಷ ಬದಲಾಯಿಸಿಕೊಂಡು. ನಾರ್ವೆಯಲ್ಲಿ ಜೇಡಕ್ಕೆ 'ಎಡ್ಡರ್‌ಕೊಪ್' ಅನ್ನುತ್ತಾರೆ. ಆ ಎಡ್ಡರ್ ಅಂದರೆ ವಿಷ. ಇಂಗ್ಲಿಷಿನಲ್ಲೂ ಹಿಂದೆ 'ಅಟರ್‌ಕಾಪ್' ಅಂತ ಇತ್ತು. ಮುಂದಿನ ಅರ್ಧ ಉದುರಿ, ಹಿಂದಿನ ಅರ್ಧ ಈಗ 'ಕಾಬ್‌ವೆಬ್'ನ ಕಾಬ್ ಆಗಿ ನಿಮ್ಮ ಅಟ್ಟದಲ್ಲಿ ನೇತಾಡುತ್ತಿದೆ. ಜರ್ಮನ್‌ನಲ್ಲಿ ಅದೇ ಪದ 'ಐಟರ್', ಅರ್ಥ ಮಾತ್ರ ಕೀವು.

ನಂಜನಗೂಡು ಲೋಕಲ್:
ತಡೀರಿ ತಡೀರಿ. ವಿಷದ ಪದ ಕೀವು ಆಯಿತು ಅಂದಿರಿ. ನಮ್ಮ ನಂಜು! ನಂಜು ಅಂದರೆ ವಿಷ. ಅದನ್ನು ಕುಡಿದವನು ನಂಜುಂಡ, ಅವನಿರುವ ಊರು ನಮ್ಮದು. ಆದರೆ ಈಗ ಯಾರೂ "ನಂಜು ಕುಡಿದ" ಅನ್ನುವುದಿಲ್ಲ. "ಗಾಯಕ್ಕೆ ನಂಜಾಗಿದೆ" ಅನ್ನುತ್ತೇವೆ. ಕಾಲಿಗೆ ಮೊಳೆ ಚುಚ್ಚಿಸಿಕೊಂಡು ಬಂದರೆ ನಮ್ಮಜ್ಜಿ ಕೇಳುತ್ತಿದ್ದ ಮೊದಲ ಮಾತು "ನಂಜು ಏರಿಲ್ಲ ತಾನೆ?" ಬದನೆಕಾಯಿ ತಿಂದರೆ ನಂಜು ಅಂತ ಪಥ್ಯ ಬೇರೆ. ಕನ್ನಡದ ನಂಜೂ ಜರ್ಮನ್ನಿನ ಐಟರೂ ಒಂದೇ ಗಾಯದಲ್ಲಿ ಹೋಗಿ ಕೂತಿವೆ.

ಪದದ ಬೆನ್ನು:
@ನಂಜನಗೂಡು ಲೋಕಲ್ ಇದು ನನಗೆ ಹೊಳೆದಿರಲಿಲ್ಲ. ಪದಗಳಿಗೆ ನೆಂಟಸ್ತಿಕೆ ಇಲ್ಲ, ಆದರೆ ನಡೆದ ದಾರಿ ಒಂದೇ. ಹಳೇ ಪದ ಗಾಯಕ್ಕೆ ಇಳಿದ ಮೇಲೆ, ಕುಡಿಯುವುದಕ್ಕೆ ಎರಡು ಭಾಷೆಗೂ ಹೊಸ ಪದ ಬೇಕಾಯಿತು. ಅವರು ಗಿಫ್ಟ್ ತಂದರು, ನಾವು ಸಂಸ್ಕೃತದ ವಿಷ ತಂದೆವು.

ಅಡಿಕೆ ಸಿಪ್ಪೆ:
ವಿಷಕ್ಕೆ ನಾವು ವಿಷ ಅಂತಲೂ ಎಲ್ಲಿ ಹೇಳುತ್ತೇವೆ? ನಮ್ಮ ಕಡೆ "ಅವನು ಔಷಧಿ ಕುಡಿದ" ಅಂದರೆ ಕೆಮ್ಮಿಗೆ ಕುಡಿದ ಅಂತಲ್ಲ. ಧ್ವನಿ ಕೆಳಗಿಳಿಸಿ ಹೇಳಿದರೆ ಎಲ್ಲರಿಗೂ ಅರ್ಥ ಆಗುತ್ತದೆ. ನೇರವಾಗಿ ಹೇಳಲು ಬಾಯಿ ಬರುವುದಿಲ್ಲ. ಹಾವು ಕಚ್ಚಿದರೆ "ಹುಳ ಮುಟ್ಟಿತು" ಅನ್ನುತ್ತೇವೆ. ಹೊರಡುವಾಗ "ಬರ್ತೀನಿ" ಅನ್ನುತ್ತೇವೆ. ಜರ್ಮನ್ನರೂ ಹೀಗೇ "ಅವನಿಗೆ ಏನೋ ಕೊಟ್ಟರಂತೆ" ಅಂತ ಶುರುಮಾಡಿರಬೇಕು.

ಪದದ ಬೆನ್ನು:
ಶುರುಮಾಡಿದ್ದು ಹಾಗೇ. ಇವತ್ತಿನ ಜರ್ಮನ್‌ನಲ್ಲಿ 'ಫೆರ್‌ಗೇಬೆನ್' ಅಂದರೆ ಕ್ಷಮಿಸು. ಮಧ್ಯಯುಗದ ಜರ್ಮನ್‌ನಲ್ಲಿ ಅದೇ ಪದಕ್ಕೆ ವಿಷ ಹಾಕು ಅಂತಲೂ ಅರ್ಥ ಇತ್ತು. ಒಬ್ಬರಿಗೆ 'ಕೊಟ್ಟುಬಿಡು' ಅಂದರೆ ಸಾಕಾಗಿತ್ತು.

ಮಲೆನಾಡ ಮಳೆ:
ಇಷ್ಟೆಲ್ಲ ಹೇಳಿ ಮದ್ದು ಬಿಟ್ಟಿರಲ್ಲ! ಮದ್ದು ಅಂದರೆ ಔಷಧಿ. ಕೋವಿಗೆ ತುಂಬುವುದೂ ಮದ್ದು. "ಅವಳಿಗೆ ಮದ್ದು ಹಾಕಿದ್ದಾರೆ" ಅಂದರೆ ಊಟದಲ್ಲಿ ಏನೋ ಬೆರೆಸಿ ಕೊಟ್ಟಿದ್ದಾರೆ. ನಾನು ಚಿಕ್ಕವಳಿದ್ದಾಗ ನಮ್ಮಜ್ಜಿ ಪೇಟೆಗೆ ಹೋಗುವ ದಾರಿಯ ಒಂದು ಮನೆ ತೋರಿಸಿ, ಅಲ್ಲಿ ನೀರು ಕೂಡ ಮುಟ್ಟಬೇಡ, ಕೈಮದ್ದು ಹಾಕುತ್ತಾರೆ ಅನ್ನುತ್ತಿದ್ದರು. ಕೆಲವರು ವೈರಕ್ಕೆ ಹಾಕುತ್ತಾರಂತೆ, ಕೆಲವರು ಗಂಡ ತಮ್ಮ ಮಾತು ಕೇಳಲಿ ಅಂತ ಹಾಕುತ್ತಾರಂತೆ. ಆಮೇಲೆ ಮದ್ದು ತೆಗೆಸಲು ಇನ್ನೊಬ್ಬರ ಹತ್ತಿರ ಹೋಗಬೇಕು. ಆ ಮನೆಯ ಹೆಂಗಸು ಬಡವಿ, ಗಂಡ ಇರಲಿಲ್ಲ. ದೊಡ್ಡವಳಾದ ಮೇಲೆ ಒಮ್ಮೆ ಹೋಗಿ ಬೆಲ್ಲದ ಕಾಫಿ ಕುಡಿದು ಬಂದೆ. ಏನೂ ಆಗಲಿಲ್ಲ. ಕಾಫಿ ಸ್ವಲ್ಪ ತೆಳು, ಅಷ್ಟೇ.

ನಿವೃತ್ತ ಮೇಷ್ಟ್ರು:
ಗಂಡ ಮಾತು ಕೇಳಲಿ ಅಂತ ಹಾಕುವ ಮದ್ದು ರೋಮಿನಲ್ಲೂ ಇತ್ತು. ಇಂಗ್ಲಿಷಿನ 'ವೆನಮ್' ಬಂದದ್ದು ಲ್ಯಾಟಿನ್‌ನ 'ವೆನೇನುಮ್' ಪದದಿಂದ. ಅದು ಮೊದಲು ಒಲಿಸಿಕೊಳ್ಳುವ ಮದ್ದು, ಪ್ರೀತಿಯ ದೇವತೆ ವೀನಸ್‌ಳ ಹೆಸರಿಗೆ ಸಂಬಂಧ. 'ಪಾಯ್ಸನ್' ಕೂಡ ಪಾಪದ್ದೇ, ಮೂಲದಲ್ಲಿ ಬರೀ ಪಾನೀಯ. 'ಪೋಷನ್' ಅದರ ಅವಳಿ. ಗ್ರೀಕರ 'ಫಾರ್ಮಕೋನ್' ಅಂತೂ ನಮ್ಮ ಮದ್ದಿನ ಹಾಗೇ, ಔಷಧಿಯೂ ಹೌದು ವಿಷವೂ ಹೌದು. ಫಾರ್ಮಸಿ ಬಂದದ್ದು ಅಲ್ಲಿಂದ.

ಔಷಧದಂಗಡಿ:
ಬೋರ್ಡು ಬದಲಾಯಿಸುವ ಹಾಗೆ ಮಾಡುತ್ತೀರಿ ನೀವು.

ಅಡಿಕೆ ಸಿಪ್ಪೆ:
ನಾವು ಅಡಿಕೆಗೆ ಹೊಡೆಯುವುದಕ್ಕೂ ಮದ್ದು ಅಂತಲೇ ಅನ್ನುವುದು. ಕೊಳೆರೋಗಕ್ಕೆ ಬೋರ್ಡೋ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ ಹೊಡೆಯದಿದ್ದರೆ ಆ ವರ್ಷದ ಫಸಲು ನೆಲದ ಮೇಲೆ. ಇದರ ಕಥೆಯೂ ಮಜಾ ಇದೆ. ಫ್ರಾನ್ಸಿನ ಬೋರ್ಡೋ ಕಡೆ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನುತ್ತಿದ್ದರು. ವಿಷ ಹೊಡೆದ ಹಾಗೆ ಕಾಣಲಿ ಅಂತ ರೈತರು ದಾರಿ ಬದಿಯ ಬಳ್ಳಿಗೆ ಈ ನೀಲಿ ನೀರು ಎರಚಿದರು. ಆ ಸಾಲಿಗೆ ಮಾತ್ರ ರೋಗ ಬರಲಿಲ್ಲ. ಮಿಲಾರ್ಡೆ ಅನ್ನುವ ವಿಜ್ಞಾನಿ ಅದನ್ನು ಗಮನಿಸಿ 1885ರಲ್ಲಿ ಪ್ರಕಟಿಸಿದ. ವಿಷದ ನಾಟಕ ಆಡಿದ್ದು ಮದ್ದಾಯಿತು.

ಬಿಸಿಬೇಳೆ:
ನಾಲ್ಕನೇ ಮಹಡಿಯವರ ಸ್ಟಿಕರ್ ಕೂಡ ಹಾಗೇ. ಡಬ್ಬಿ ಯಾರೂ ಮುಟ್ಟಲಿಲ್ಲ ತಾನೆ. ಇನ್ನು ಮೇಲೆ ಆಫೀಸ್ ಫ್ರಿಜ್ಜಿನಲ್ಲಿ ನನ್ನ ಮೊಸರನ್ನಕ್ಕೆ ಅದನ್ನೇ ಅಂಟಿಸುತ್ತೇನೆ.

ಡಚ್ಚರ ಮನೆ ಬಾಡಿಗೆ:
ಗುಜರಾತಿನಲ್ಲಿ ಗಿಫ್ಟ್ ಸಿಟಿ ಅಂತ ಬ್ಯಾಂಕು, ಹಣಕಾಸು ಕಂಪನಿಗಳ ಊರು ಇದೆಯಲ್ಲ, ಜರ್ಮನ್ ಬ್ಯಾಂಕಿನವರಿಗೆ ಅದರ ಬಗ್ಗೆ ಪ್ರೆಸೆಂಟೇಶನ್ ಕೊಡುವವರನ್ನು ನೆನೆಸಿಕೊಂಡು ನಗು ಬಂತು.

ನಾಲ್ಕನೇ ಮಹಡಿ:
ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಒಂದು ಮಾತ್ರ ಅರ್ಥ ಆಗಲಿಲ್ಲ. ಇಂಗ್ಲಿಷಿನಲ್ಲಿ ಮದುವೆಯ ಅರ್ಥ ಯಾಕೆ ಇಲ್ಲ? ಮತ್ತೆ ಜರ್ಮನ್ನರು ಉಡುಗೊರೆಗೆ ಏನು ಅನ್ನುತ್ತಾರೆ? ನಾಳೆ ಬೇಕು ನನಗೆ.

ಪದದ ಬೆನ್ನು:
ಇಂಗ್ಲಿಷಿನಲ್ಲೂ ಮದುವೆಯೇ ಇತ್ತು! ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದಕ್ಕೆ ಅರ್ಥ ತೆರ, ಗಂಡಿನ ಕಡೆಯವರು ಹೆಣ್ಣಿಗಾಗಿ ಕೊಡುತ್ತಿದ್ದದ್ದು. ಬಹುವಚನದಲ್ಲಿ ಹೇಳಿದರೆ ಮದುವೆ. ಉಚ್ಚಾರ 'ಯಿಫ್ಟ್'. ಈಗಿನ ಗ ಬಂದದ್ದು, ಬರೀ ಉಡುಗೊರೆ ಅನ್ನುವ ಅರ್ಥ ಬಂದದ್ದು, ಎರಡೂ ವೈಕಿಂಗರ ಬಾಯಿಂದ. 'ಗಿವ್' ಕೂಡ ಹಾಗೇ, ಮೊದಲು ಯ ಇತ್ತು. ತಮಾಷೆ ಏನು ಗೊತ್ತಾ? ವೈಕಿಂಗರು ಇಂಗ್ಲಿಷರಿಗೆ ಗಟ್ಟಿ ಗ ಕೊಟ್ಟು ಹೋದರು. ಅವರ ಮೊಮ್ಮಕ್ಕಳಾದ ಸ್ವೀಡನ್ನಿನವರು ಆಮೇಲೆ ತಾವೇ ಯ ಮಾಡಿಕೊಂಡು ಕೂತರು. ಹಿಮದೂರಿನವರು ಹೇಳಿದ ಯಿಫ್ಟ್ ಅದೇ.

ನಿವೃತ್ತ ಮೇಷ್ಟ್ರು:
ಮೊಟ್ಟೆಯದ್ದೂ ಇದೇ ಪಾಡು. ಹಳೇ ಇಂಗ್ಲಿಷಿನ ದಾರಿಯಲ್ಲಿ ಬಂದದ್ದು 'ಏಯ್', ವೈಕಿಂಗರದ್ದು 'ಎಗ್'. ಇಂಗ್ಲೆಂಡಿನಲ್ಲಿ ಮೊದಲು ಅಚ್ಚುಕೂಟ ಇಟ್ಟ ಕ್ಯಾಕ್ಸ್‌ಟನ್ 1490ರಲ್ಲಿ ಒಂದು ಘಟನೆ ಬರೆದಿದ್ದಾನೆ. ಥೇಮ್ಸ್ ದಡದಲ್ಲಿ ಹಡಗು ನಿಲ್ಲಿಸಿದ ವ್ಯಾಪಾರಿಯೊಬ್ಬ ಒಂದು ಮನೆಯಲ್ಲಿ ಎಗ್ ಕೇಳಿದ. ಆ ಮನೆಯಾಕೆ "ನನಗೆ ಫ್ರೆಂಚ್ ಬರುವುದಿಲ್ಲ" ಅಂದಳು. ಅವನಿಗೆ ಸಿಟ್ಟು ಬಂತು, ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ. ನಾಲ್ಕನೇ ಮಹಡಿಯವರೇ, ನಿಮ್ಮ ಮೆಟ್ಟಿಲ ಕಥೆಗೆ ಐನೂರು ವರ್ಷದ ಹಿಂದೆಯೇ ಅಕ್ಕ ಇದ್ದಳು.

ಪದದ ಬೆನ್ನು:
ಉಡುಗೊರೆಗೆ 'ಗೆಶೆಂಕ್' ಅನ್ನಿ. 'ಶೆಂಕೆನ್' ಅಂದರೆ ಮೊದಲು ಕುಡಿಯಲು ಸುರಿದು ಕೊಡುವುದು. ಬಂದ ಅತಿಥಿಗೆ ಲೋಟ ತುಂಬಿಸಿ ಕೊಡುತ್ತಿದ್ದದ್ದೇ ಉಡುಗೊರೆ. ಈ ಗಿಫ್ಟ್ ಪದದ ಬಗ್ಗೆಯೇ 1924ರಲ್ಲಿ ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮಾಸ್ ಒಂದು ಚಿಕ್ಕ ಲೇಖನ ಬರೆದ. ಅವನ ವಾದ ಇದು: ಹಳೇ ಜರ್ಮಾನಿಕ್ ಜನರಲ್ಲಿ ಉಡುಗೊರೆ ಅಂದರೆ ಹೆಚ್ಚಾಗಿ ಪಾನೀಯ. ಲೋಟದಲ್ಲಿ ಇರುವುದು ಒಳ್ಳೆಯದೋ ಕೆಟ್ಟದ್ದೋ ಕುಡಿಯುವ ತನಕ ಗೊತ್ತಾಗುವುದಿಲ್ಲ. ತೆಗೆದುಕೊಂಡ ಮೇಲೆ ಋಣ ಬೇರೆ.

ಮಲೆನಾಡ ಮಳೆ:
ಋಣ ಅಂದಿರಿ, ಹಾಗಾದರೆ ಮುಯ್ಯಿ? ನಮ್ಮ ಮದುವೆ ಮನೆಗಳಲ್ಲಿ ಮುಯ್ಯಿ ಓದಿಸುತ್ತಾರಲ್ಲ. ಯಾರು ಎಷ್ಟು ಕೊಟ್ಟರು ಅಂತ ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆ ಮದುವೆಗೆ ಅಷ್ಟೇ ತಿರುಗಿ ಕೊಡಬೇಕು. ಅದೇ ಪದಕ್ಕೆ ಸೇಡು ಅಂತಲೂ ಅರ್ಥ, "ಮುಯ್ಯಿ ತೀರಿಸಿಕೊಂಡ". ಜರ್ಮನ್ನರ ಗಿಫ್ಟ್ ನೋಡಿ ನಗುವ ಮೊದಲು ನಮ್ಮ ಮುಯ್ಯಿ ನೋಡಿಕೊಳ್ಳೋಣ.

ಬಿಸಿಬೇಳೆ:
ನಮ್ಮ ಮಾವ ಐದು ಲೀಟರ್ ಕುಕ್ಕರ್ ಕೊಟ್ಟಿದ್ದರು. ನಾವು ಅವರ ಮನೆ ಮದುವೆಗೆ ಮೂರು ಲೀಟರ್ ಕೊಟ್ಟೆವು. ಎರಡೂ ಅರ್ಥದ ಮುಯ್ಯಿ ಒಟ್ಟಿಗೆ ಆಯಿತು.

ಅಡಿಕೆ ಸಿಪ್ಪೆ:
ಇದು ಸೂಪರ್.

ಸಂಸ್ಕೃತಮೂಲ:
ಮುಯ್ಯಿ ಅಚ್ಚ ಕನ್ನಡ ಪದ. ಇದನ್ನು ಮಾತ್ರ ನಾನು ಒಪ್ಪುತ್ತೇನೆ.

ನಿವೃತ್ತ ಮೇಷ್ಟ್ರು:
ಇವತ್ತು ಮಳೆ ಬರುತ್ತದೆ. ಇನ್ನೊಂದು ಮಾತು. ಸ್ಟುಟ್‌ಗಾರ್ಟ್‌ನಿಂದ ಟ್ಯೂಬಿಂಗನ್ ಹತ್ತಿರ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ ತೀರಿಕೊಂಡದ್ದು ಅಲ್ಲಿ, 1903ರಲ್ಲಿ. ಒಮ್ಮೆ ಹೋಗಿ ಬನ್ನಿ. ಅವರು ಕನ್ನಡಕ್ಕೆ ಕೊಟ್ಟದ್ದನ್ನು ಗಿಫ್ಟ್ ಅಂತ ಮಾತ್ರ ಅಲ್ಲಿ ಯಾರಿಗೂ ಹೇಳಬೇಡಿ.

ನಾಲ್ಕನೇ ಮಹಡಿ:
ಹೋಗಿ ಬಂದೆ. ಟ್ಯೂಬಿಂಗನ್‌ಗೆ ಅಲ್ಲ, ಕೆಳಗಿನ ಮಹಡಿಗೆ. ಹೊಸ ಡಬ್ಬಿ, ಸ್ಟಿಕರ್ ಇಲ್ಲ. ಬಾಗಿಲು ತೆಗೆದ ಕೂಡಲೇ "ಗೆಶೆಂಕ್, ಗೆಶೆಂಕ್" ಅಂದೆ. ಅರ್ಥ ಆಗಲು ಅರ್ಧ ನಿಮಿಷ ಹಿಡಿಯಿತು. ಆಮೇಲೆ ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಅಲ್ಲೇ ನಿಂತು ಒಂದು ತುಂಡು ತಿಂದರು. ಇದರಲ್ಲಿ ಎಷ್ಟು ಬೆಣ್ಣೆ ಇದೆ ಅಂತ ಕೇಳಿದರು. ತುಪ್ಪದ ಲೆಕ್ಕ ಹೇಳಿದೆ. "ಹಾಗಾದರೆ ಸ್ಟಿಕರ್ ಅಷ್ಟೇನೂ ತಪ್ಪಲ್ಲ" ಅಂದರು.

ಈಗ ಅರ್ಧ ಗಂಟೆ ಹಿಂದೆ ಬೆಲ್ ಆಯಿತು. ನಮ್ಮ ಡಬ್ಬಿ ಬಾಗಿಲ ಮುಂದೆ ಇತ್ತು. ತೊಳೆದು ಒರೆಸಿದ್ದರು, ಖಾಲಿ ಕೊಟ್ಟಿರಲಿಲ್ಲ. ಒಳಗೆ ಮನೆಯಲ್ಲೇ ಮಾಡಿದ ಚೆರಿ ಜಾಮ್ ಬಾಟಲಿ. ಬಾಟಲಿಗೆ ಹಳದಿ ಚೀಟಿ ಅಂಟಿಸಿ ಕೈಬರಹದಲ್ಲಿ ಒಂದೇ ಪದ ಬರೆದಿದ್ದಾರೆ: 'ಗೇಗೆನ್‌ಗಿಫ್ಟ್'. ಇದೇನು, ಪದದ ಬೆನ್ನು ಅವರೇ?

ಪದದ ಬೆನ್ನು:
'ಗೇಗೆನ್' ಅಂದರೆ ಎದುರು. ವಿಷಕ್ಕೆ ಎದುರಾಗಿ ಕೊಡುವ ಮದ್ದು. ಇಂಗ್ಲಿಷಿನ ಆಂಟಿಡೋಟ್, ಅಕ್ಷರಕ್ಕೆ ಅಕ್ಷರ ಅದೇ: ಆಂಟಿ ಅಂದರೆ ಎದುರು, ಡೋಟ್ ಅಂದರೆ ಕೊಟ್ಟದ್ದು.

ಮಲೆನಾಡ ಮಳೆ:
ಮುಯ್ಯಿ!

ಬಿಸಿಬೇಳೆ:
ಜಾಮ್ ಮೊದಲು ಗಂಡನಿಗೆ ತಿನ್ನಿಸಿ.